ಹಾರ್ಡ್ ಡಿಸ್ಕಿನೊಳಗೆ ಸಿಕ್ಕಿಕೊಂಡ ಮಳೆ ಲೆಕ್ಕ

ನಮ್ಮದು ಅಂತರಸಂತೆ ಹೋಬಳಿಯಲ್ಲಿ ಮಳೆ ನಂಬಿದ ಹೊಲ. ಕಬಿನಿ ಅಣೆಕಟ್ಟೆ ಹತ್ತಿರದಲ್ಲೇ ಇದ್ರೂ ನಮಗೆ ಕಾಲುವೆ ನೀರಿಲ್ಲ. ಹತ್ತಿ, ರಾಗಿ, ರಾಗಿಯೊಳಗೆ ಅವರೆ ಸಾಲು. ಅದಕ್ಕೇ 1998ರಿಂದ ನೋಟ್‌ಬುಕ್ಕಿನಲ್ಲಿ ಮಳೆ ಲೆಕ್ಕ ಬರೆಯುತ್ತಾ ಬಂದೆ. ಯಾವ ಮಳೆ ಎಷ್ಟು ಹದ ಆಯ್ತು, ಯಾವತ್ತು ಬಿತ್ತಿದೆ, ಯಾವ ತಳಿ, ಎಷ್ಟು ಮೂಟೆ ಬಂತು, ಇಷ್ಟೇ. 2020ರಲ್ಲಿ ಕೊರೊನಾ ಅಂತ ಮನೆಯಲ್ಲಿ ಕೂತಿದ್ದ ಮಗಳು ಎಲ್ಲಾ ಪುಟಗಳ ಫೋಟೋ ತೆಗೆದು ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಹಾಕಿದಳು. ಜೇಬಿನಲ್ಲಿ ಹಿಡಿಯುವಷ್ಟು ಸಣ್ಣ ಡಬ್ಬಿ ಅದು. ಎರಡು ವರ್ಷ ಕಳೆದು ಅಟ್ಟದ ಮೇಲಿನ ಪೆಟ್ಟಿಗೆ ತೆಗೆದರೆ ಹಳೇ ನೋಟ್‌ಬುಕ್ಕುಗಳನ್ನು ಗೆದ್ದಲು ತಿಂದು ಮಣ್ಣು ಮಾಡಿತ್ತು. ಪಹಣಿ ಕಳೆದರೆ ನಾಡಕಚೇರಿಯಲ್ಲಿ ಇನ್ನೊಂದು ತೆಗೆಸಬಹುದು. ನನ್ನ ಹೊಲದ ಮಳೆ ಲೆಕ್ಕ ಯಾವ ಕಚೇರಿಯಲ್ಲಿದೆ? ಉಳಿದಿದ್ದು ಆ ಡಬ್ಬಿ ಒಂದೇ.

ಹೋದ ವರ್ಷ ಆರಿದ್ರ ಮಳೆ ಕಾಲ. ಬೀಜದ ಫೋಟೋಗಳನ್ನು ಅದಕ್ಕೆ ತುಂಬಿಸ್ತಾ ಇದ್ದಾಗಲೇ ಕರೆಂಟು ಹೋಯ್ತು. ಮಾರನೇ ದಿನ ಸಿಕ್ಕಿಸಿದರೆ ಡಬ್ಬಿಯಲ್ಲಿ ಲೈಟು ಮಿಣುಕ್ತದೆ, ಕಂಪ್ಯೂಟರಿನಲ್ಲಿ ಮಾತ್ರ ಏನೂ ಇಲ್ಲ.

ಬೋರಿನ ಮೋಟಾರು ಓಡದಿದ್ರೆ ಯಾರೂ ಮೊದಲೇ ಪೈಪು ಎತ್ತಿಸಲ್ಲ. ಫ್ಯೂಸು, ಸ್ಟಾರ್ಟರು, ಕೇಬಲ್ಲು ನೋಡ್ತಾರೆ. ಇಲ್ಲೂ ಹಾಗೇ. ಈ ಸಣ್ಣ ಡಿಸ್ಕಿಗೆ ಬೇರೆ ಕರೆಂಟಿಲ್ಲ, ಅದೇ ವಯರಿನಲ್ಲೇ ಹೋಗಬೇಕು. ಹಳೇ ಯುಎಸ್‌ಬಿ 2.0 ಪಾಯಿಂಟಿನಿಂದ ಸಿಗಬೇಕಾದ್ದು 500 ಮಿಲಿ ಆಂಪಿಯರ್, 3.0ರಲ್ಲಿ 900. ಒಳಗೆ ನೀಲಿ ಇದ್ದರೆ ಸಾಮಾನ್ಯವಾಗಿ ಅದು 3.0. ಕರೆಂಟು ಸಾಲದಿದ್ರೆ ಲೈಟು ಉರಿಯುತ್ತೆ, ಒಳಗಿನ ತಟ್ಟೆ ಸರಿಯಾಗಿ ತಿರುಗಲ್ಲ. ನಾನು ಡಬ್ಬಿ ಅಂಗೈಲಿಟ್ಟು ನೋಡಿದೆ, ತಿರುಗುವ ನಡುಕ ತಿಳೀಲಿಲ್ಲ. ವಯರು ಬೇರೆ ಹಾಕಿ, ಕಂಪ್ಯೂಟರಿನ ಮುಂದಿನ ಪಾಯಿಂಟು ಬಿಟ್ಟು ಹಿಂದಿನದಕ್ಕೆ ಸಿಕ್ಕಿಸಿದ ಮೇಲೆ 'ಟುಂಯ್' ಅಂತ ಸದ್ದು ಬಂತು.

ಖುಷಿ ಪಡುವಷ್ಟರಲ್ಲಿ ಒಂದು ಚೌಕ ಎದ್ದು ನಿಂತಿತು. ಈ ಡಿಸ್ಕನ್ನು ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು, ಮಾಡಲಾ, ಅಂತ ಇಂಗ್ಲಿಷಿನಲ್ಲಿ. ಕಂಪ್ಯೂಟರೇ ಹೇಳ್ತದಲ್ಲ ಅಂತ ಒತ್ತಲಿಕ್ಕೆ ಹೊರಟಿದ್ದೆ. ಯಾಕೋ ಅನುಮಾನ ಬಂದು ಮೈಸೂರಿನಲ್ಲಿರೋ ಮಗಳಿಗೆ ಫೋನು ಹಚ್ಚಿದೆ. "ಅಯ್ಯೋ, ಅದನ್ನ ಮಾತ್ರ ಒತ್ಬೇಡ ಕಣಪ್ಪ, ಕ್ಯಾನ್ಸಲ್ ಕೊಡು" ಅಂದಳು.

ವಿಂಡೋಸ್ ಗುರುತಿನ ಬಟನ್ನು ಮತ್ತು ಎಕ್ಸ್ ಒಟ್ಟಿಗೆ ಒತ್ತಿ 'ಡಿಸ್ಕ್ ಮ್ಯಾನೇಜ್‌ಮೆಂಟ್' ತೆಗೆಸಿದಳು. ಅಲ್ಲಿ ಡಿಸ್ಕೇ ಕಾಣದಿದ್ರೆ ತೊಂದರೆ ವಯರು, ಕರೆಂಟು, ಇಲ್ಲಾ ಡಿಸ್ಕಿನದೇ. ಡಿಸ್ಕು ಸರಿಯಾಗಿ ಕಂಡು ಅದಕ್ಕೆ ಇ, ಎಫ್ ಅಂತ ಅಕ್ಷರ ಮಾತ್ರ ಇಲ್ಲದಿದ್ರೆ ಬಲಗಡೆ ಕ್ಲಿಕ್ ಮಾಡಿ ಅಕ್ಷರ ಕೊಟ್ಟರೆ ಮುಗೀತು, ಒಳಗಿನದಕ್ಕೆ ಏನೂ ಆಗಲ್ಲ. 'ಇನಿಷಿಯಲೈಸ್' ಮಾಡು ಅಂತ ಕೇಳಿದರೆ ಅದಕ್ಕೂ ಒಪ್ಪಬಾರದು. ನಮ್ಮದರಲ್ಲಿ ಅಳತೆ ಸರಿ ಇತ್ತು, ಪಕ್ಕದಲ್ಲಿ 'ರಾ' ಅಂತ ಇತ್ತು. ಅಂದ್ರೆ ಯಾವ ಫೈಲು ಎಲ್ಲಿದೆ ಅಂತ ಬರೆದಿಡುವ ಪಟ್ಟಿ ಕೆಟ್ಟಿದೆ. ಸರ್ವೆ ನಕ್ಷೆ ಹರಿದರೆ ಹೊಲ ಎಲ್ಲೂ ಹೋಗಲ್ಲವಲ್ಲ, ಹಾಗೆ. ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಹೊಸ ಖಾಲಿ ನಕ್ಷೆ ಬರುತ್ತೆ. ಫುಲ್ ಫಾರ್ಮ್ಯಾಟ್ ಆದರೆ ಇಡೀ ಡಿಸ್ಕಿನ ಮೇಲೆ ಸೊನ್ನೆ ಬರೆದುಬಿಡುತ್ತೆ, ಆಮೇಲೆ ಯಾರ ಕೈಲೂ ತೆಗೆಯೋಕಾಗಲ್ಲ.

ಒಂದು ಅಂಗಡಿಗೂ ಹೋಗಿ ಬಂದೆ. ಫಾರ್ಮ್ಯಾಟ್ ಮಾಡಿ ಕೊಡ್ತೀವಿ, ಒಳಗಿಂದು ಬರಲ್ಲ ಅಂದ್ರು. ಇನ್ನೊಬ್ಬರು ಫ್ರಿಜ್ಜಿನಲ್ಲಿಡಿ ಅಂದ್ರು! ತಣ್ಣಗಾದ ಡಬ್ಬಿ ಹೊರಗೆ ಬಂದರೆ ನೀರು ಕಟ್ಟುತ್ತೆ. ಒಳಗೆ ತಟ್ಟೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗ್ತಾ ಇರುತ್ತೆ, ಓದುವ ಮುಳ್ಳು ಅದಕ್ಕೆ ತಾಗದೆ ಕೂದಲಿಗಿಂತ ಎಷ್ಟೋ ಸಣ್ಣ ಸಂದಿಯಲ್ಲಿ ತೇಲ್ತದೆ. ಅದಕ್ಕೇ ಮನೇಲಿ ಬಿಚ್ಚಲೂ ಬಾರದು, ಧೂಳು ಸಾಕು ಕೆಡಿಸೋಕೆ. ಟಿಕ್ ಟಿಕ್ ಅಂತ ಒಂದೇ ಸಮ ಬಡೀತಿದ್ರೆ ಆಗಲೇ ವಯರು ಕಿತ್ತು, ಡೇಟಾ ರಿಕವರಿ ಮಾಡುವವರ ಹತ್ತಿರ ಹೋಗಬೇಕು. ಅದು ದುಬಾರಿ. ನಮ್ಮದು ಬಡೀತಿರಲಿಲ್ಲ, ಅದೇ ಪುಣ್ಯ.

ಭಾನುವಾರ ಮಗಳು ಲ್ಯಾಪ್‌ಟಾಪೂ ಇನ್ನೊಂದು ದೊಡ್ಡ ಡಿಸ್ಕೂ ತಂದಳು. ಟೆಸ್ಟ್‌ಡಿಸ್ಕ್ ಅಂತ ಒಂದು ಪ್ರೋಗ್ರಾಮಿದೆ, ದುಡ್ಡು ಕೊಡಬೇಕಿಲ್ಲ. ಅದರಲ್ಲಿ ಕೆಲವು ಫೋಲ್ಡರುಗಳು ಹೆಸರಿನ ಸಮೇತ ಕಂಡವು. ಉಳಿದದ್ದಕ್ಕೆ ಅದರ ಜೊತೆಗೇ ಬರುವ ಫೋಟೋರೆಕ್ ಹಾಕಿದಳು. ಅದು ಪಟ್ಟಿ ನೋಡಲ್ಲ, ಡಿಸ್ಕನ್ನೇ ಸಾಲು ಸಾಲಾಗಿ ತಡಕಿ ಫೋಟೋ ಹೆಕ್ಕುತ್ತೆ. ಸಿಕ್ಕಿದ್ದನ್ನೆಲ್ಲ ಹೊಸ ಡಿಸ್ಕಿಗೇ ಹಾಕಬೇಕು. ಕೆಟ್ಟ ಡಿಸ್ಕಿಗೇ ಹಾಕಿದರೆ ಇನ್ನೂ ಸಿಗದಿರುವುದರ ಮೇಲೇ ಬರೆದ ಹಾಗಾಗುತ್ತೆ. ರಾತ್ರಿಯೆಲ್ಲಾ ಓಡಿತು. ನಡುವೆ ಎರಡು ಸಲ ಕರೆಂಟು ಹೋಯ್ತು, ಲ್ಯಾಪ್‌ಟಾಪಿನ ಬ್ಯಾಟರಿ ಕಾಪಾಡಿತು.

ಈಗ ಒಂದು ಪ್ರತಿ ಮಗಳ ರೂಮಿನಲ್ಲಿ, ಒಂದು ನಮ್ಮನೆಯಲ್ಲಿ. ವಯರು ಕೀಳುವ ಮುಂಚೆ 'ಎಜೆಕ್ಟ್' ಕೊಡೋದನ್ನೂ ಕಲಿತೆ. ಆದರೆ ಫೋಟೋರೆಕ್ ಹೆಕ್ಕಿದ ಫೋಟೋಗಳಿಗೆ ಹಳೇ ಹೆಸರಿಲ್ಲ, ಬರೀ ನಂಬರು. ಸಂಜೆ ಹೊತ್ತು ನಾನೂ ನನ್ನಾಕೆಯೂ ಕೂತು ಪೆನ್ನಿನ ಬಣ್ಣ, ತಳಿ ನೋಡಿ ವರ್ಷ ಹಚ್ತಾ ಇದ್ದೀವಿ. ಒಂದು ಪುಟದಲ್ಲಿ 'ಉತ್ತೆ ಮಳೆ ಕೈಕೊಟ್ಟಿತು, ರಾಗಿ ಮೂರೇ ಮೂಟೆ' ಅಂತ ಬರೆದಿದ್ದೀನಿ, ಇಸವಿ ಹಾಕಿಲ್ಲ. ನಾನು 2002 ಅಂತೀನಿ. ಅವಳು 2003 ಅಂತಾಳೆ, ಆ ವರ್ಷ ಎತ್ತು ಮಾರಿದ್ದು ಅವಳಿಗೆ ನೆನಪಿದೆಯಂತೆ.