ಬಿಸಿಯಾದರೆ ಉಷ್ಣ ಒಳಗೆ ಬಂತೆಂದೇ?

ಹೆಬ್ಬೂರಿನಲ್ಲಿ ಹಾದುಹೋಗುವ ತುಮಕೂರು–ಕುಣಿಗಲ್ ರಸ್ತೆಯ ಯಾವುದಾದರೂ ಪಂಕ್ಚರ್ ಅಂಗಡಿಯಲ್ಲಿ ಕಂಪ್ರೆಸರ್ ನೋಡಿ. ಮೋಟಾರು ಸ್ವಲ್ಪ ಹೊತ್ತು ಓಡಿದರೆ ಸಾಕು, ಸಿಲಿಂಡರಿನಿಂದ ಟ್ಯಾಂಕಿಗೆ ಹೋಗುವ ಪೈಪು ಮುಟ್ಟಿದರೆ ಚುರುಕ್ ಎನ್ನುತ್ತದೆ. ಒಲೆಯಿಲ್ಲ, ಬೆಂಕಿಯಿಲ್ಲ. ಪಿಸ್ಟನ್ ಉಜ್ಜಿದ ಬಿಸಿ ಅದು ಎನ್ನುವವರೇ ಹೆಚ್ಚು. ಉಜ್ಜಾಟದ ಪಾಲು ಅದರಲ್ಲಿ ಸಣ್ಣದು. ಗಾಳಿಯನ್ನು ಒತ್ತಲು ಮಾಡಿದ ಕೆಲಸವೇ ಅದರ ಆಂತರಿಕ ಶಕ್ತಿಗೆ ಸೇರಿ ತಾಪ ಏರಿದೆ.

ತಪ್ಪು ಕಲ್ಪನೆ: ತಾಪ ಎಷ್ಟು ಏರಿತೆಂದು ತಿಳಿದರೆ ಉಷ್ಣ ಎಷ್ಟು ಹರಿಯಿತೆಂದು ಹೇಳಿಬಿಡಬಹುದು.

ಸತ್ಯ: ಆದರ್ಶ ಅನಿಲದಲ್ಲಿ ತಾಪ ಹೇಳುವುದು ಆಂತರಿಕ ಶಕ್ತಿಯನ್ನು ಮಾತ್ರ. ಉಷ್ಣ ಬೇಕಾದರೆ ಅನಿಲ ಮಾಡಿದ ಕೆಲಸವನ್ನೂ ಅದಕ್ಕೆ ಕೂಡಿಸಬೇಕು, ಕೆಲಸವೋ ದಾರಿಗೆ ತಕ್ಕಂತೆ ಬದಲಾಗುತ್ತದೆ. 1 ಮೋಲ್ ಗಾಳಿಯ ತಾಪ 10 ಡಿಗ್ರಿ ಏರಲಿ. ಆಂತರಿಕ ಶಕ್ತಿ ಹೇಗೇ ಆದರೂ ಸುಮಾರು 208 ಜೂಲ್ ಹೆಚ್ಚುತ್ತದೆ. ಗಟ್ಟಿ ಡಬ್ಬಿಯಲ್ಲಿ ಮುಚ್ಚಿಟ್ಟು ಕಾಯಿಸಿದರೆ ಉಷ್ಣವೂ ಅಷ್ಟೇ. ಒತ್ತಡ ಬದಲಾಗದಂತೆ ಹಿಗ್ಗಲು ಬಿಟ್ಟರೆ 291. ಮೇಲಿನ 83 ಜೂಲ್ ಹಿಗ್ಗುವ ಕೆಲಸಕ್ಕೆ ಹೋಯಿತು. ಉಷ್ಣ ಸೋರದಂತೆ ಒತ್ತಿದರೆ, ಅಂದರೆ ಅಡಿಯಾಬ್ಯಾಟಿಕ್ ಆದರೆ, ಸೊನ್ನೆ.

ಸೊನ್ನೆಗಿಂತ ಕೆಳಗೂ ಇಳಿಯಬಹುದು, ಇದನ್ನು ಮಾತ್ರ ಯಾರೂ ಸುಲಭವಾಗಿ ಒಪ್ಪುವುದಿಲ್ಲ. ಕಂಪ್ರೆಸರ್ ಸಿಲಿಂಡರಿನ ಸುತ್ತ ಲೋಹದ ರೆಕ್ಕೆಗಳಿರುವುದು ಬಿಸಿಯನ್ನು ಹೊರಗೆ ಚೆಲ್ಲಲೆಂದೇ. ಒಳಗಿನ ಗಾಳಿ ಬಿಸಿಯಾಗುತ್ತಲೇ ಉಷ್ಣ ಕಳೆದುಕೊಳ್ಳುತ್ತಿರುತ್ತದೆ. ಒತ್ತಡವನ್ನು ಗಾತ್ರದ 1.2ನೇ ಘಾತದಿಂದ ಗುಣಿಸಿದರೆ ಬರುವ ಬೆಲೆ ಸ್ಥಿರವಾಗಿರುವಂತೆ ಒತ್ತಿದೆವೆನ್ನಿ: ಅದೇ 10 ಡಿಗ್ರಿಗೆ ನಾವು ಮಾಡುವ ಕೆಲಸ ಸುಮಾರು 416 ಜೂಲ್. ಅರ್ಧ ಗಾಳಿಯಲ್ಲಿ ಉಳಿಯಿತು, ಅರ್ಧ ಹೊರಗೆ ಹೋಯಿತು. ಉಷ್ಣ ಮೈನಸ್ 208.

ಮೊದಲ ಪಿಯುಸಿ ಮಕ್ಕಳು ಎಡವುವುದು ಇದರ ತಿರುವಿನಲ್ಲಿ: ಐಸೋಥರ್ಮಲ್ ಎಂದರೆ ತಾಪ ಬದಲಾಗಲಿಲ್ಲ, ಹಾಗಾದರೆ ಉಷ್ಣವೂ ಸೊನ್ನೆ! ಇಲ್ಲ. 300 ಕೆಲ್ವಿನ್‌ನಲ್ಲಿ 1 ಮೋಲ್ ಅನಿಲ ತಾಪ ಕೆಡದಂತೆ ನಿಧಾನವಾಗಿ ಎರಡು ಪಟ್ಟು ಹಿಗ್ಗಿದರೆ ಸುಮಾರು 1,729 ಜೂಲ್ ಉಷ್ಣ ಹೀರಿಕೊಂಡು, ಅಷ್ಟನ್ನೂ ಕೆಲಸವಾಗಿ ಕೊಟ್ಟುಬಿಡುತ್ತದೆ.

ಇನ್ನೊಂದು ಚಿಕ್ಕ ಗುಂಡಿ. ತಾಪದ ವ್ಯತ್ಯಾಸ ಮಾತ್ರ ಬೇಕಾದಾಗ ಸೆಲ್ಸಿಯಸ್ ಇಟ್ಟರೂ ನಡೆಯುತ್ತದೆ. ಈ ಕಡೆಯ ಲೆಕ್ಕದಲ್ಲಿ ಮಾತ್ರ ತಾಪವೇ ನೇರವಾಗಿ ಗುಣಿಸಿಕೊಳ್ಳುತ್ತದೆ. 300ರ ಜಾಗದಲ್ಲಿ 27 ಬರೆದರೆ ಉತ್ತರ 156 ಜೂಲ್‌ಗೆ ಕುಸಿಯುತ್ತದೆ.