ದಂಡುಪಾಳ್ಯದ ಚಿತ್ರಗಳೂ ‘ಹಂತಕಿ’ಯ ಕಲ್ಪನೆಯೂ

ಒಂದೇ ಅಪರಾಧದ ವೃತ್ತಾಂತವು ನ್ಯಾಯಸ್ಥಾನದಲ್ಲಿ ಒಂದು ರೂಪವನ್ನೂ ಜನರ ಬಾಯಲ್ಲಿ ಇನ್ನೊಂದು ರೂಪವನ್ನೂ ತಾಳುವುದು ಎಲ್ಲ ದೇಶಗಳಲ್ಲಿಯೂ ಕಂಡುಬರುವ ಸಂಗತಿ. ಅಪರಾಧಿಯು ಸ್ತ್ರೀಯಾದಲ್ಲಿ ಈ ಅಂತರವು ಮತ್ತಷ್ಟು ಹೆಚ್ಚುವುದುಂಟು. ಜಪಾನಿನ ತಕಹಾಷಿ ಓದೆನ್ ಎಂಬಾಕೆಯ ಕಥೆಯು ಇದಕ್ಕೆ ಪ್ರಸಿದ್ಧವಾದ ನಿದರ್ಶನ. ಕನ್ನಡನಾಡಿನಲ್ಲಿ ದಂಡುಪಾಳ್ಯದ ಚಲಚ್ಚಿತ್ರಗಳು ಅದಕ್ಕೆ ಸಮೀಪವಾದುವು.

೧೮೭೬ರಲ್ಲಿ ಟೋಕಿಯೋ ನಗರದ ವಸತಿಗೃಹವೊಂದರಲ್ಲಿ ಹಳೆಯ ಬಟ್ಟೆಯ ವ್ಯಾಪಾರಿಯೊಬ್ಬನನ್ನು ಕೊಂದ ಅಪರಾಧಕ್ಕಾಗಿ ಓದೆನಳಿಗೆ ೧೮೭೯ನೆಯ ಜನವರಿಯಲ್ಲಿ ಶಿರಚ್ಛೇದವಾಯಿತು. ಶಿಕ್ಷೆಗೆ ಕಾರಣವಾದ ಕೊಲೆ ಒಂದೇ. ಆದರೆ ಅದೇ ವರ್ಷ ಕನಗಾಕಿ ರೋಬುನ್ ಎಂಬ ಲೇಖಕನು ಬರೆದ ಕಥೆಯಲ್ಲಿ ರೋಗಿಯಾಗಿದ್ದ ಗಂಡನ ಮರಣವೂ ಅವಳ ತಲೆಗೇ ಬಂದಿತು. ಆ ಗ್ರಂಥದ ಹೆಸರಿನಲ್ಲಿರುವ ‘ಯಷ’ ಎಂಬುದು ನಮ್ಮ ಯಕ್ಷ ಶಬ್ದದ ಜಪಾನೀ ರೂಪವೇ ಆಗಿದ್ದು, ಅಲ್ಲಿ ಕ್ರೂರ ಭೂತವೆಂಬ ಅರ್ಥವನ್ನು ಪಡೆದಿದೆ. ಇಂಥ ಹೆಂಗಸರಿಗೆ ‘ದೊಕುಫು’, ಎಂದರೆ ವಿಷಸ್ತ್ರೀ, ಎಂಬ ಹೆಸರು ರೂಢಿಗೆ ಬಂದಿತು. ೧೯೫೮ರಲ್ಲಿ ನಕಗಾವಾ ನೊಬುವೊ ನಿರ್ದೇಶಿಸಿದ ಚಿತ್ರವು ಆ ಬಿರುದನ್ನೇ ತನ್ನ ಶೀರ್ಷಿಕೆಯಲ್ಲಿ ಧರಿಸಿದೆ.

ದಂಡುಪಾಳ್ಯವು ಬೆಂಗಳೂರಿನಿಂದ ಕೋಲಾರಕ್ಕೆ ಹೋಗುವ ಮಾರ್ಗದಲ್ಲಿ ಹೊಸಕೋಟೆಯ ಬಳಿ ಇರುವ ಊರು. ೧೯೯೦ರ ದಶಕದ ಕೊನೆಯಲ್ಲಿ ಮನೆಗಳಿಗೆ ನುಗ್ಗಿ ಕೊಲೆ ಸುಲಿಗೆಗಳನ್ನು ನಡೆಸಿತೆಂದು ಆರೋಪಿತವಾದ ತಂಡವೊಂದಕ್ಕೆ ಈ ಊರಿನ ಹೆಸರೇ ಅಂಟಿತು. ವಿಶೇಷ ನ್ಯಾಯಾಲಯವು ತಂಡದ ಹಲವರಿಗೆ ಮರಣದಂಡನೆಯನ್ನು ವಿಧಿಸಿತು. ಮೇಲ್ಮನವಿಯಲ್ಲಿ ಕೆಲವು ತೀರ್ಪುಗಳು ಬದಲಾದುವು.

೨೦೧೨ರಲ್ಲಿ ಶ್ರೀನಿವಾಸ ರಾಜು ನಿರ್ದೇಶಿಸಿದ ‘ದಂಡುಪಾಳ್ಯ’ವು ತೆರೆಗೆ ಬಂದಿತು. ತಂಡದಲ್ಲಿ ಗಂಡಸರೇ ಹೆಚ್ಚಾಗಿದ್ದರೂ ಪ್ರೇಕ್ಷಕರ ಕಣ್ಣಿಗೆ ಮುಖ್ಯವಾಗಿ ನಿಂತದ್ದು ಪೂಜಾ ಗಾಂಧಿ ಅಭಿನಯಿಸಿದ ಲಕ್ಷ್ಮಿಯ ಪಾತ್ರ. ಮನೆಯ ಬಾಗಿಲಲ್ಲಿ ನೀರು ಬೇಡುವ ಹೆಂಗಸಿಗೆ ಇಲ್ಲವೆನ್ನಬಾರದೆಂಬುದು ನಾಡಿನ ನಡೆ. ಆ ನಂಬಿಕೆಯೇ ಮೃತ್ಯುವಿಗೆ ದಾರಿಯಾಗುವ ಭೀತಿಯನ್ನು ಚಿತ್ರವು ಬಳಸಿಕೊಂಡಿದೆ. ತೆಲುಗಿಗೆ ಮಾತು ಜೋಡಿಸಿದ ಪ್ರತಿಯೂ ಜನಪ್ರಿಯವಾಯಿತು. ಹೀಗೆ ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡಿನಂಥ ಗಡಿಯೂರುಗಳ ಎರಡು ನುಡಿಗಳಲ್ಲಿಯೂ ಈ ಕಥೆಯು ದೊರೆಯುವಂತಾಯಿತು.

ವಿಚಾರಾರ್ಹವಾದ ಅಂಶವು ಮುಂದಿನದು. ಮೊದಲ ಚಿತ್ರವು ಪೋಲೀಸರ ದೃಷ್ಟಿಯಿಂದ ಕಥೆಯನ್ನು ಹೇಳಿದರೆ, ಅದೇ ನಿರ್ದೇಶಕರ ೨೦೧೭ರ ಎರಡನೆಯ ಭಾಗವು ಆರೋಪಿಗಳ ಪಕ್ಷವನ್ನೂ, ಠಾಣೆಯಲ್ಲಿ ಅವರಿಗಾದ ಹಿಂಸೆಯನ್ನೂ ಪತ್ರಕರ್ತೆಯೊಬ್ಬಳ ಶೋಧನೆಯ ಮೂಲಕ ತೋರಿಸುತ್ತದೆ. ಮೊದಲು ರಾಕ್ಷಸಿಯಾಗಿ ಕಂಡವಳೇ ಎರಡನೆಯದರಲ್ಲಿ ಪೀಡಿತೆಯಾಗುತ್ತಾಳೆ. ಪಾತ್ರಧಾರಿಣಿಯೂ ಒಬ್ಬಳೇ, ಪ್ರಕರಣವೂ ಒಂದೇ. ಬದಲಾದುದು ಹೇಳುವವನು ನಿಂತ ಸ್ಥಳ ಮಾತ್ರ.

ಆದುದರಿಂದ ಇಂಥ ಚಿತ್ರಗಳನ್ನು ಅಪರಾಧಕ್ಕೆ ಸಾಕ್ಷ್ಯವೆಂದು ಗ್ರಹಿಸುವುದು ಯುಕ್ತವಲ್ಲ. ಅಪರಾಧದ ವಿಷಯದಲ್ಲಿ ಸಮಾಜವು ಪಟ್ಟ ಭಯಕ್ಕೆ ಅವು ಸಾಕ್ಷ್ಯಗಳು. ಕೊಲೆಯಾದವರ ಬಂಧುಗಳ ದುಃಖವು ನಿಜವಾದುದು. ಆರೋಪಿಗೆ ನ್ಯಾಯವಾದ ವಿಚಾರಣೆಯು ಸಲ್ಲಬೇಕೆಂಬುದೂ ಅಷ್ಟೇ ನಿಜ. ತೀರ್ಪನ್ನು ಮೇಲಿನ ನ್ಯಾಯಾಲಯವು ತಿದ್ದಬಹುದು. ಊರಿನ ಹೆಸರಿಗೆ ತಗಲಿದ ಕಳಂಕವನ್ನು ತಿದ್ದುವ ನ್ಯಾಯಾಲಯವಿಲ್ಲ. ಯಾವ ತಪ್ಪನ್ನೂ ಮಾಡದ ದಂಡುಪಾಳ್ಯದ ನಿವಾಸಿಗಳು ಹೊತ್ತಿರುವ ಭಾರವು ಇದೇ.