‘ಪಾಠ ಮಾಡಿ ತೋರಿಸಿ!’

ಕನ್ನಡ ಎಂ.ಎ. ಮುಗಿಸಿ, ಬಿ.ಎಡ್. ಪದವಿಯನ್ನೂ ಪಡೆದು, ಊರೂರಿನ ಶಾಲೆಗಳಿಗೆ ಅರ್ಜಿ ಕಳುಹಿಸಿ ಕಾದು ಕುಳಿತ ಮಗಳಿಗೆ ಕಡೆಗೊಮ್ಮೆ ಸಂದರ್ಶನದ ಕರೆ ಬಂದಿತೆಂದರೆ ಮನೆಮಂದಿಗೆಲ್ಲ ಸಂಭ್ರಮ. ಪ್ರಮಾಣಪತ್ರಗಳನ್ನು ಜೋಡಿಸುವುದು, ಸೀರೆಗೆ ಇಸ್ತ್ರಿ ಹಾಕಿಸುವುದು, ಬಸ್ಸಿನ ವೇಳೆ ವಿಚಾರಿಸುವುದು, ಇವೆಲ್ಲ ಒಂದು ಸಂಜೆಯ ಕೆಲಸ. ಆದರೆ ಕರೆಯ ಕೊನೆಯಲ್ಲಿರುವ ಒಂದು ವಾಕ್ಯ ನಿದ್ದೆಗೆಡಿಸುತ್ತದೆ: ‘ಒಂದು ತರಗತಿಗೆ ಪಾಠ ಮಾಡಿ ತೋರಿಸತಕ್ಕದ್ದು.’

ಸರ್ಕಾರಿ ಶಾಲೆಯ ಹುದ್ದೆಗಳಿಗೆ ಈ ಅಗ್ನಿಪರೀಕ್ಷೆಯಿಲ್ಲ. ಅಲ್ಲಿ ಲಿಖಿತ ಪರೀಕ್ಷೆ ಉಂಟು, ಅಂಕಗಳ ಪಟ್ಟಿ ಉಂಟು, ಮಾತನಾಡುವುದು ಲೇಖನಿ. ಖಾಸಗಿ ಶಾಲೆಯಲ್ಲಿ ಮಾತನಾಡಬೇಕಾದುದು ನಾಲಗೆಯೇ. ಅದೂ ಹೆಸರು ಸಹ ತಿಳಿಯದ ಮೂವತ್ತು ನಲವತ್ತು ಮಕ್ಕಳ ಎದುರಿಗೆ; ಹಿಂದಿನ ಬೆಂಚಿನಲ್ಲಿ ಮುಖ್ಯೋಪಾಧ್ಯಾಯರೂ ಆಡಳಿತ ಮಂಡಲಿಯವರೂ ಕುಳಿತಿರುವಾಗ!

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳು ಸೇರಿ 2007ರಲ್ಲಿ ಜಿಲ್ಲೆಯೊಂದು ರೂಪುಗೊಂಡಿತು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣವೆಂಬ ಹೆಸರಾಯಿತು. ಹೆಸರು ಏನೇ ಆಗಲಿ, ಇಲ್ಲಿ ಕನ್ನಡ ಕಲಿಸುವವರಿಗೆ ಕೆಲಸಕ್ಕೆ ಕೊರತೆಯಿಲ್ಲ. 2015ರ ಕನ್ನಡ ಭಾಷಾ ಕಲಿಕಾ ಅಧಿನಿಯಮವು, ಪಠ್ಯಕ್ರಮ ಯಾವುದೇ ಇರಲಿ, ರಾಜ್ಯದ ಶಾಲೆಗಳಲ್ಲಿ ಹಂತಹಂತವಾಗಿ ಕನ್ನಡವನ್ನು ಕಲಿಸಲೇಬೇಕೆಂದು ವಿಧಿಸಿತು. ಬಿಡದಿಯ ಕಾರ್ಖಾನೆಗಳನ್ನು ಅರಸಿ ಬಂದವರ ಮಕ್ಕಳು ನಾನಾ ಭಾಷೆಯವರು. ರಾಮನಗರದಲ್ಲಿಯೂ ಚನ್ನಪಟ್ಟಣದಲ್ಲಿಯೂ ಉರ್ದು ಮನೆಮಾತಿನ ಕುಟುಂಬಗಳು ಬಹಳ. ಕನಕಪುರದ ಗಡಿಯತ್ತ ಹೋದರೆ ತಮಿಳು ಕಿವಿಗೆ ಬೀಳುತ್ತದೆ. ಇವರೆಲ್ಲರ ನಡುವೆ ಅಪ್ಪಟ ಹಳ್ಳಿಗನ್ನಡದ ರೈತರ ಮಕ್ಕಳು. ಒಂದೇ ತರಗತಿ, ನಾಲ್ಕು ಬಗೆಯ ನಾಲಗೆ.

ಮಾಗಡಿಯ ಕಡೆಯ ತರುಣಿಯೊಬ್ಬಳು ಇಂಥ ತರಗತಿಗೆ ಕಾಲಿಟ್ಟಳೆಂದು ಭಾವಿಸೋಣ. ಕೇಶಿರಾಜನ ‘ಶಬ್ದಮಣಿದರ್ಪಣ’ದ ಸೂತ್ರಗಳು ಅವಳಿಗೆ ಕಂಠಪಾಠ. ಸಂಧಿ ಪ್ರಕರಣವನ್ನು ರಾತ್ರಿಯೆಲ್ಲ ಮನನ ಮಾಡಿಕೊಂಡು ಬಂದಿದ್ದಾಳೆ. ಮೊದಲ ಸಾಲು ಓದಲು ಹುಡುಗನೊಬ್ಬನಿಗೆ ಹೇಳುತ್ತಾಳೆ. ಅವನು ಎದ್ದು ನಿಂತು, “ನಮ್ಮ ಹಲ್ಲಿ ಚೆನ್ನಾಗಿದೆ” ಎಂದು ಓದುತ್ತಾನೆ. ತರಗತಿಯೆಲ್ಲ ಗೊಳ್ಳೆಂದು ನಗುತ್ತದೆ. ಹುಡುಗನ ಕಿವಿ ಕೆಂಪೇರುತ್ತದೆ.

ನಿಜವಾದ ಪರೀಕ್ಷೆ ಆರಂಭವಾಗುವುದು ಆ ಕ್ಷಣದಲ್ಲಿ. “ಹಲ್ಲಿಯಲ್ಲ, ಹಳ್ಳಿ” ಎಂದು ತಿದ್ದಿ ಮುಂದಿನ ಸಾಲಿಗೆ ಹೋಗುವವರೇ ಹೆಚ್ಚು. ಅವರ ಕಣ್ಣು ಹಿಂದಿನ ಬೆಂಚಿನ ಮೇಲೆ. ಸಂಧಿ ಪ್ರಕರಣ ಇನ್ನೂ ಬಾಕಿ ಉಂಟಲ್ಲ! ಪಾಠ ಬಲ್ಲವಳಾದರೆ ಕಪ್ಪುಹಲಗೆಯ ಮೇಲೆ ಎರಡು ಮಾತನ್ನೂ ಬರೆದು, “ಗೋಡೆಯ ಮೇಲೆ ಓಡುವುದು ಯಾವುದಪ್ಪಾ?” ಎಂದು ಆ ಹುಡುಗನನ್ನೇ ಕೇಳಿಯಾಳು. ನಾಲಗೆಯ ತುದಿಯನ್ನು ಹಿಂದಕ್ಕೆ ಮಡಿಸಿ ಅಂಗುಳಿಗೆ ತಾಗಿಸುವುದು ಹೇಗೆಂದು ತೋರಿಸಿ ಇಡೀ ತರಗತಿಯಿಂದ ಹೇಳಿಸಿಯಾಳು. ಉರ್ದುವಿನಲ್ಲಿ ಈ ಳಕಾರವಿಲ್ಲ. ಹುಡುಗನದು ಅಲಕ್ಷ್ಯವಲ್ಲ, ಅವನ ನಾಲಗೆಗೆ ಆ ಅಭ್ಯಾಸವೇ ಇಲ್ಲ. ಇಷ್ಟು ತಿಳಿದಿದ್ದರೆ ಗದರಿಸುವ ಮನಸ್ಸು ಬಾರದು.

ಹಳ್ಳಿಯ ಕನ್ನಡದ ಮಗುವಿನ ಕಷ್ಟ ಬೇರೆ. ಈ ಸೀಮೆಯ ಆಡುಮಾತಿನಲ್ಲಿ ಹಕಾರ ನಿಲ್ಲುವುದಿಲ್ಲ. ‘ಹತ್ತು’ ‘ಅತ್ತು’ ಆಗುತ್ತದೆ. ಲೆಕ್ಕ ಹೇಳುವ ಮಗು ಅಳುವ ಮಾತಾಡಿದಂತಾಗಿ ಪಟ್ಟಣದ ಮಕ್ಕಳಿಗೆ ನಗೆ. ಬರಹದಲ್ಲಿ ಹಕಾರವನ್ನು ಉಳಿಸಿಕೊಳ್ಳಬೇಕೆಂದು ಕಲಿಸಬೇಕು, ನಿಜ. ಆದರೆ ಮಗುವಿನ ತಾಯಿ ಆಡುವ ಮಾತನ್ನೇ ‘ತಪ್ಪು ಕನ್ನಡ’ವೆಂದುಬಿಟ್ಟರೆ, ಆ ಮಗು ವರ್ಷವೆಲ್ಲ ಬಾಯಿ ತೆರೆಯದೆ ಕುಳಿತೀತು.

ಅದೇ ಹಕಾರವಿಲ್ಲದ ಮಾತಿಗೆ ‘ರತ್ನನ ಪದಗಳು’ ಬರೆದು ಕಾವ್ಯದ ಪದವಿ ಕೊಟ್ಟ ಜಿ. ಪಿ. ರಾಜರತ್ನಂ ಅವರು ಹುಟ್ಟಿದುದು ಇದೇ ರಾಮನಗರದಲ್ಲಿ. ಆಗ ಊರಿಗೆ ಕ್ಲೋಸ್‌ಪೇಟೆಯೆಂದು ಹೆಸರು. ಕನ್ನಡ ಎಂ.ಎ. ಮಾಡಿದ ಅವರು ಕಾಲೇಜಿನ ಅಧ್ಯಾಪಕರಾಗುವ ಮುನ್ನ ಕೆಲಕಾಲ ಚಿಕ್ಕ ಮಕ್ಕಳಿಗೆ ಪಾಠ ಹೇಳಿದರು. ಓದುವ ಪುಸ್ತಕದ ಪದ್ಯಗಳು ಆ ಮಕ್ಕಳ ನಾಲಗೆಗೆ ಒಗ್ಗದಿದ್ದುದನ್ನು ಕಂಡು ತಾವೇ ಪದ್ಯ ಕಟ್ಟತೊಡಗಿದರು. ‘ತುತ್ತೂರಿ’ ಹುಟ್ಟಿದುದು ಹೀಗೆ. 1979ರಲ್ಲಿ ಅವರು ತೀರಿಕೊಂಡರು. ಆ ಶಿಶುಗೀತೆಗಳು ಇಂದಿಗೂ ಮಕ್ಕಳ ಬಾಯಲ್ಲಿವೆ. ಬೌದ್ಧ ಜೈನ ಸಾಹಿತ್ಯಗಳನ್ನು ಆಳವಾಗಿ ಅಭ್ಯಸಿಸಿದ ವಿದ್ವಾಂಸರೊಬ್ಬರು, ಪಾಠದಲ್ಲಿ ಮಕ್ಕಳಿಗೆ ಬೇಕಾದುದೇನೆಂದು ಹುಡುಕಿದರೇ ಹೊರತು ತಮಗೆ ಬರುವುದನ್ನೆಲ್ಲ ಸುರಿಯಲಿಲ್ಲ.

ಸಿದ್ಧತೆಯೂ ಈ ದಾರಿಯಲ್ಲಿಯೇ ನಡೆಯಬೇಕು. ಹಿಂದಿನ ದಿನವೇ ಶಾಲೆಗೆ ಫೋನು ಮಾಡಿ ತರಗತಿ ಯಾವುದು, ಕನ್ನಡ ಪ್ರಥಮ ಭಾಷೆಯೋ ದ್ವಿತೀಯ ಭಾಷೆಯೋ ಕೇಳಿಕೊಳ್ಳುವುದು ಉತ್ತಮ. ‘ಸಿರಿ ಕನ್ನಡ’ದ ಮಕ್ಕಳಿಗೆ ಒಪ್ಪುವ ಪಾಠ ‘ತಿಳಿ ಕನ್ನಡ’ದವರಿಗೆ ಭಾರವಾದೀತು. ವಿಭಕ್ತಿ ಪ್ರತ್ಯಯ ಹೇಳಬೇಕೆ? ರಾಮನಗರದ ಗೂಡಿನ ಮಾರುಕಟ್ಟೆ ಇದ್ದೇ ಇದೆ: ‘ರೈತನು ಚಂದ್ರಿಕೆಯಿಂದ ಗೂಡನ್ನು ಬಿಡಿಸಿ ಮಾರುಕಟ್ಟೆಗೆ ಒಯ್ದನು.’ ಒಂದೇ ವಾಕ್ಯದಲ್ಲಿ ನಾಲ್ಕು ಪ್ರತ್ಯಯಗಳು! ಚನ್ನಪಟ್ಟಣದಲ್ಲಾದರೆ ಅರಗಿನ ಬೊಂಬೆಯೊಂದನ್ನು ಮೇಜಿನ ಮೇಲಿಟ್ಟರೆ ಸಾಕು, ಮಕ್ಕಳೇ ವಾಕ್ಯ ಹೇಳುತ್ತಾರೆ. ನಲವತ್ತು ನಿಮಿಷವೆಂದು ಕರೆದವರು ಹದಿನೈದನೆಯ ನಿಮಿಷಕ್ಕೆ “ಸಾಕಮ್ಮ” ಎನ್ನುವುದುಂಟು. ಆದುದರಿಂದ ಪಾಠದ ತಿರುಳು ಮೊದಲ ಹತ್ತು ನಿಮಿಷದಲ್ಲಿಯೇ ಬಂದಿರಬೇಕು.

ಬಳಿಕ ಕೋಣೆಯೊಳಗಿನ ಸಂದರ್ಶನ. ಕನ್ನಡದ ಕೆಲಸಕ್ಕೆ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವ ಶಾಲೆಗಳು ಕಡಿಮೆಯಲ್ಲ. ವಿಚಿತ್ರವೇ ಸರಿ, ಆದರೆ ಸಿಡಿಮಿಡಿಗೊಂಡು ಪ್ರಯೋಜನವಿಲ್ಲ. ನಾಲ್ಕು ಸರಳ ವಾಕ್ಯ ಸಿದ್ಧವಿಟ್ಟುಕೊಂಡು, ಪಾಠದ ವಿಷಯ ಬಂದಾಗ ವಿನಯದಿಂದ ಕನ್ನಡಕ್ಕೆ ಹೊರಳಿದರೆ ಯಾರೂ ತಪ್ಪೆಣಿಸರು. ನವೆಂಬರಿನ ರಾಜ್ಯೋತ್ಸವಕ್ಕೆ ಹಾಡು, ವಾರ್ಷಿಕೋತ್ಸವಕ್ಕೆ ನಾಟಕ, ಇವು ಕನ್ನಡದವರ ಕೊರಳಿಗೇ ಬೀಳುವ ಹೊಣೆಯೆಂಬುದನ್ನು ಮಾತ್ರ ಮೊದಲೇ ತಿಳಿದಿರಬೇಕು. ವಾರಕ್ಕೆ ಎಷ್ಟು ಪೀರಿಯಡ್ಡು, ಸಂಬಳವೆಷ್ಟು, ಬೇಸಗೆ ರಜೆಯ ತಿಂಗಳಲ್ಲಿಯೂ ಅದು ಬರುವುದೆ, ಇವನ್ನು ಕೇಳಲು ಸಂಕೋಚಪಟ್ಟು ಹೊರಬಂದವರು ಬಸ್ ನಿಲ್ದಾಣದಲ್ಲಿ ನಿಂತು ಪರಿತಪಿಸುತ್ತಾರೆ. ನೇಮಕದ ಆದೇಶವನ್ನು ಬರಹದಲ್ಲಿಯೇ ಕೇಳಿ ಪಡೆಯುವುದು ಒಳ್ಳೆಯದು.